ಎಡಗಾಲಿನ ಹೊರೆ

ಅಮೆರಿಕದ ಮಿಷಿಗನ್ ಸಂಸ್ಥಾನದಲ್ಲಿ, ಡೆಟ್ರಾಯಿಟ್ ನಗರದಿಂದ ವಾಯವ್ಯ ದಿಕ್ಕಿಗೆ ಹೊರಟಿರುವ ವುಡ್‌ವರ್ಡ್ ಅವೆನ್ಯೂ ಎಂಬ ವಿಶಾಲವಾದ ರಾಜಮಾರ್ಗವೊಂದುಂಟು. ಆಗಸ್ಟ್ ತಿಂಗಳ ಒಂದು ಶನಿವಾರ ಆ ಬೀದಿಯಲ್ಲಿ ಹಳೆಯ ಮೋಟಾರುಗಾಡಿಗಳ ಜಾತ್ರೆಯೇ ನೆರೆಯುತ್ತದೆ. 1995ರಲ್ಲಿ ಮೊದಲಾದ ಈ ಉತ್ಸವಕ್ಕೆ ಸಾವಿರಾರು ಗಾಡಿಗಳು ಬರುತ್ತವೆ. ಗಾಳಿಯೊಡನೆ ಪಂದ್ಯ ಕಟ್ಟಬಲ್ಲ ಈ ಗಾಡಿಗಳು ಅಂದು ಮಾತ್ರ ನಮ್ಮೂರ ತೇರಿನಂತೆ ಗೇಣು ಗೇಣಾಗಿ ಮುಂದೆ ಸರಿಯುತ್ತವೆ, ನಿಲ್ಲುತ್ತವೆ, ಮತ್ತೆ ಸರಿಯುತ್ತವೆ. ಬೀದಿಯ ಇಕ್ಕೆಲಗಳಲ್ಲಿ ಕುರ್ಚಿ ಹಾಕಿ ಕುಳಿತ ಜನ ಗಾಡಿಯ ಬಣ್ಣವನ್ನು ಮೆಚ್ಚುತ್ತಾರೆ, ಎಂಜಿನ್ನಿನ ಗರ್ಜನೆಗೆ ತಲೆದೂಗುತ್ತಾರೆ. ಒಳಗೆ ಕುಳಿತ ಚಾಲಕನ ಎಡಗಾಲು ನಡುಗುತ್ತಿರುವುದು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಆ ಎಡಗಾಲಿನ ಕೆಳಗಿರುವುದು ಕ್ಲಚ್ಚಿನ ಪೆಡಲು. ಗಾಡಿಯ ಬಲ ಹೆಚ್ಚಿದಂತೆಲ್ಲ ಆ ಪೆಡಲಿನ ಭಾರವೂ ಹೆಚ್ಚುತ್ತದೆ. ಮುಂದೆ ಮಕ್ಕಳು ರಸ್ತೆ ದಾಟುತ್ತಿರುವಾಗ ಸೋತ ಕಾಲು ಒಂದು ಕ್ಷಣ ಜಾರಿದರೆ ಗಾಡಿ ಮುನ್ನುಗ್ಗಬಹುದು. ಆದುದರಿಂದ ಈ ಹೊರೆಯನ್ನು ಇಳಿಸುವ ಪ್ರಶ್ನೆ ಕೇವಲ ಸುಖದ ಪ್ರಶ್ನೆಯಲ್ಲ. ಪೆಡಲಿಗೂ ಕ್ಲಚ್ಚಿಗೂ ನಡುವೆ ಇರುವ ಉಕ್ಕಿನ ಹಗ್ಗವನ್ನು ತೆಗೆದು ಅದರ ಸ್ಥಾನದಲ್ಲಿ ದ್ರವವನ್ನು ಪ್ರತಿಷ್ಠಾಪಿಸುವ ಸಾಹಸಕ್ಕೆ ಅನೇಕರು ಕೈಹಾಕುವುದು ಇದಕ್ಕಾಗಿಯೇ.

ಹಿಡಿತವೂ ಬಿಡುಗಡೆಯೂ

ಫೋರ್ಡ್ ಕಂಪನಿಯ ಮಸ್ಟಾಂಗ್ ಎಂಬ ಗಾಡಿಯ ಹೆಸರನ್ನು ಕೇಳದವರು ವಿರಳ. 1964ರ ಏಪ್ರಿಲ್‌ನಲ್ಲಿ ಲೋಕಕ್ಕೆ ಪರಿಚಯವಾದ ಈ ಗಾಡಿ ಹಲವು ಅವತಾರಗಳನ್ನು ಕಂಡಿದೆ. 1979ರಿಂದ 1993ರವರೆಗೆ ತಯಾರಾದ ಅವತಾರವನ್ನು ಅಭಿಮಾನಿಗಳು 'ಫಾಕ್ಸ್' ಮಸ್ಟಾಂಗ್ ಎಂದು ಕರೆಯುತ್ತಾರೆ. 1987ರ ವೇಳೆಗೆ ಅದರ ಐದು ಲೀಟರಿನ ಎಂಟು ಸಿಲಿಂಡರುಗಳ ಎಂಜಿನ್ನು 225 ಅಶ್ವಶಕ್ತಿಯನ್ನು ಕೊಡುತ್ತಿತ್ತು. ಗಾಡಿ ಹಗುರ, ಬಿಡಿಭಾಗಗಳು ಸುಲಭವಾಗಿ ದೊರೆಯುವಂಥವು. ಹೀಗಾಗಿ ಮನೆಯ ಶೆಡ್ಡಿನಲ್ಲಿಯೇ ಗಾಡಿಯನ್ನು ಬಿಚ್ಚಿ, ತಿದ್ದಿ, ಅದರ ಬಲವನ್ನು ಇಮ್ಮಡಿಸುವ ಹವ್ಯಾಸಿಗಳಿಗೆ ಅದು ಅಚ್ಚುಮೆಚ್ಚಿನದಾಯಿತು.

ಆದರೆ ಎಂಜಿನ್ನಿನ ಬಲ ಇಮ್ಮಡಿಯಾದರೆ ಸಾಲದು. ಆ ಬಲವನ್ನು ಗಾಲಿಗಳಿಗೆ ದಾಟಿಸುವ ಸೇತುವೆಯೂ ಬಲವಾಗಬೇಕು. ಆ ಸೇತುವೆಯೇ ಕ್ಲಚ್ಚು. ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರವಾದ ಚಕ್ರ ಒಂದು ಕಡೆ, ಸ್ಪ್ರಿಂಗಿನ ಬಲದಿಂದ ಒತ್ತುವ ಫಲಕ ಇನ್ನೊಂದು ಕಡೆ. ಇವೆರಡರ ನಡುವೆ, ರೊಟ್ಟಿಯ ಹಾಗೆ, ಒಂದು ಘರ್ಷಣದ ತಟ್ಟೆ. ಒತ್ತಡವಿರುವಷ್ಟು ಹೊತ್ತು ಮೂರೂ ಒಂದಾಗಿ ತಿರುಗುತ್ತವೆ. ಪೆಡಲನ್ನು ತುಳಿದಾಗ ಸ್ಪ್ರಿಂಗು ಹಿಂದೆಗೆದು ತಟ್ಟೆಗೆ ಬಿಡುಗಡೆ ದೊರೆಯುತ್ತದೆ. ಆಗ ಗೇರು ಬದಲಿಸಬಹುದು, ಗಾಡಿಯನ್ನು ನಿಲ್ಲಿಸಬಹುದು. ಎಂಜಿನ್ನಿನ ಬಲ ಹೆಚ್ಚಿದಾಗ ಹಳೆಯ ಸ್ಪ್ರಿಂಗಿನ ಹಿಡಿತ ಸಾಲದೆ ತಟ್ಟೆ ಜಾರತೊಡಗುತ್ತದೆ. ಆಗ ಗಡುಸಾದ ಸ್ಪ್ರಿಂಗನ್ನು ಹಾಕಬೇಕಾಗುತ್ತದೆ. ಹಿಡಿತ ಬಿಗಿಯಾದಷ್ಟೂ ಬಿಡುಗಡೆ ಕಷ್ಟ. ಆ ಕಷ್ಟವನ್ನೆಲ್ಲ ಅನುಭವಿಸುವುದು ಎಡಗಾಲು.

ಹಗ್ಗದ ಗುಣದೋಷಗಳು

ಮಸ್ಟಾಂಗಿನ ಈ ಅವತಾರದಲ್ಲಿ ಕಾಲಿನ ಬಲವನ್ನು ಕ್ಲಚ್ಚಿಗೆ ಮುಟ್ಟಿಸುತ್ತಿದ್ದುದು ಉಕ್ಕಿನ ಎಳೆಗಳ ಒಂದು ಕೇಬಲ್ಲು. ಬೈಸಿಕಲ್ಲಿನ ಬ್ರೇಕಿನ ತಂತಿಯನ್ನು ಕಂಡವರಿಗೆ ಇದರ ಸ್ವರೂಪವನ್ನು ವಿವರಿಸಬೇಕಾಗಿಲ್ಲ. ಹೊರಗೆ ಬಾಗಬಲ್ಲ ಒಂದು ಕೊಳವೆ, ಒಳಗೆ ಜಾರಾಡುವ ಹಗ್ಗ. ಪೆಡಲಿನ ಮೇಲ್ತುದಿಯಲ್ಲಿ ಹಲ್ಲುಗಳುಳ್ಳ ಕಾಲುಚಕ್ರವೊಂದು ಹಗ್ಗವನ್ನು ಎಳೆಯುತ್ತದೆ. ಹಗ್ಗದ ಇನ್ನೊಂದು ತುದಿ ಗೇರುಪೆಟ್ಟಿಗೆಯ ಪಕ್ಕದ ಕವಲುಗೋಲನ್ನು ಜಗ್ಗುತ್ತದೆ. ತಟ್ಟೆ ಸವೆದಂತೆ ಹಗ್ಗದ ಬಿಗಿಯನ್ನು ತಾನಾಗಿಯೇ ಸರಿಪಡಿಸಿಕೊಳ್ಳುವ ಏರ್ಪಾಡೂ ಆ ಕಾಲುಚಕ್ರದಲ್ಲಿಯೇ ಇದೆ.

ಹಗ್ಗದಲ್ಲಿ ದೊಡ್ಡ ಗುಣಗಳುಂಟು. ಅದು ಸರಳ, ಅಗ್ಗ, ಸೋರುವುದಿಲ್ಲ, ಯಾರು ಬೇಕಾದರೂ ಬದಲಿಸಬಹುದು. ಕಾರ್ಖಾನೆಯಿಂದ ಬಂದ ಸ್ಪ್ರಿಂಗಿಗೆ ಅದು ಸಂಪೂರ್ಣವಾಗಿ ಸಾಕು. ತೊಂದರೆ ಹುಟ್ಟುವುದು ಗಾಡಿಯನ್ನು ತಿದ್ದಿದ ಮೇಲೆ. ಮೂಲದ ಕಾಲುಚಕ್ರ ಪ್ಲಾಸ್ಟಿಕ್ಕಿನದು. ಗಡುಸಾದ ಸ್ಪ್ರಿಂಗನ್ನು ಎಳೆದೆಳೆದು ಅದರ ಹಲ್ಲುಗಳು ಮುರಿಯುತ್ತವೆ. ಹಗ್ಗ ಹಾದುಹೋಗುವ ದಾರಿಯೋ ಎಂಜಿನ್ನಿನ ಎಡಮಗ್ಗುಲು. ಅಲ್ಲಿ ಉದ್ದನೆಯ ಹೊಗೆಕೊಳವೆಗಳನ್ನು ಜೋಡಿಸಿದಾಗ ಅವುಗಳ ಕಾವಿಗೆ ಕೇಬಲ್ಲಿನ ಒಳಪದರ ಕರಗಿ ಹಗ್ಗ ಅಂಟಿಕೊಳ್ಳುತ್ತದೆ. ಸೇದುವ ಬಾವಿಯ ರಾಟೆ ತುಕ್ಕು ಹಿಡಿದರೆ ಕೊಡದ ಭಾರ ಎರಡರಷ್ಟಾದಂತೆ ತೋರುವುದಿಲ್ಲವೆ? ಹಾಗೆಯೇ ಇಲ್ಲಿ ಪೆಡಲಿನ ಭಾರ ಬೆಳೆಯುತ್ತದೆ. ಕೊನೆಗೊಂದು ದಿನ ಹಗ್ಗ ಕಡಿದರೆ ಎಚ್ಚರಿಕೆ ಕೊಡದೆ ಕಡಿಯುತ್ತದೆ. ಗೇರಿನಲ್ಲಿರುವ ಗಾಡಿಯನ್ನು ಎಂಜಿನ್ನಿನಿಂದ ಬೇರ್ಪಡಿಸಲು ಚಾಲಕನಿಗೆ ಪೆಡಲೇ ಇಲ್ಲದಂತಾಗುತ್ತದೆ.

ಇದರ ಮೊದಲ ಚಿಕಿತ್ಸೆ ಸುಲಭವಾದುದು. ಪ್ಲಾಸ್ಟಿಕ್ಕಿನ ಕಾಲುಚಕ್ರವನ್ನು ತೆಗೆದು ಅಲ್ಯೂಮಿನಿಯಮ್ಮಿನದನ್ನು ಹಾಕಿ, ಹೊಸ ಕೇಬಲ್ಲನ್ನು ಕಾವಿನಿಂದ ದೂರ ಒಯ್ದು, ಬಿಗಿಯನ್ನು ಕೈಯಿಂದ ಹೊಂದಿಸುವುದು. ಎಷ್ಟೋ ಗಾಡಿಗಳು ಇಷ್ಟರಿಂದಲೇ ಗುಣ ಹೊಂದುತ್ತವೆ. ಆದರೆ ಕೆಲವು ಗಾಡಿಗಳಿಗೆ ಈ ದಾರಿ ಮುಚ್ಚಿಹೋಗಿರುತ್ತದೆ. ಉದಾಹರಣೆಗೆ 1998ರಿಂದ 2002ರವರೆಗಿನ ಷೆವ್ರೊಲೆ ಕಮಾರೊ ಗಾಡಿಯ ಎಂಜಿನ್ನನ್ನೂ ಆರು ವೇಗದ ಗೇರುಪೆಟ್ಟಿಗೆಯನ್ನೂ ಮಸ್ಟಾಂಗಿಗೆ ಕಸಿ ಮಾಡುವವರಿದ್ದಾರೆ. ಆ ಗೇರುಪೆಟ್ಟಿಗೆ ಹುಟ್ಟಿನಿಂದಲೇ ದ್ರವದ ಕ್ಲಚ್ಚಿಗಾಗಿ ನಿರ್ಮಿತವಾದುದು. ಹಗ್ಗವನ್ನು ಸಿಕ್ಕಿಸಲು ಅದರಲ್ಲಿ ಕವಲುಗೋಲೇ ಇಲ್ಲ. ಇಂಥಲ್ಲಿ ದ್ರವವನ್ನು ಶರಣು ಹೋಗದೆ ವಿಧಿಯಿಲ್ಲ.

ಪಾಸ್ಕಲನ ಕೊಡುಗೆ

ಫ್ರಾನ್ಸಿನ ಬ್ಲೇಸ್ ಪಾಸ್ಕಲ್ ತೀರಿಕೊಂಡುದು 1662ರಲ್ಲಿ. ದ್ರವಗಳ ಸಮತೋಲವನ್ನು ಕುರಿತ ಅವನ ಪ್ರಬಂಧ ಅಚ್ಚಾದುದು ಮರುವರ್ಷ. ಮುಚ್ಚಿದ ಪಾತ್ರೆಯಲ್ಲಿರುವ ದ್ರವವನ್ನು ಒಂದೆಡೆ ಒತ್ತಿದರೆ ಆ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆಂಬುದು ಅವನು ತೋರಿಸಿಕೊಟ್ಟ ತತ್ವ. 1795ರಲ್ಲಿ ಇಂಗ್ಲೆಂಡಿನ ಜೋಸೆಫ್ ಬ್ರಾಮಾ ಇದೇ ತತ್ವದ ಮೇಲೆ ಒತ್ತುಯಂತ್ರವನ್ನು ನಿರ್ಮಿಸಿ ಹಕ್ಕುಪತ್ರ ಪಡೆದನು. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಗಾಡಿಯ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕು ಬಂದಿತು. ಬ್ರೇಕಿಗೆ ಒಗ್ಗಿದ ಉಪಾಯ ಕ್ಲಚ್ಚಿಗೂ ಒಗ್ಗಿತು.

ಏರ್ಪಾಡು ಇಷ್ಟೆ: ಪೆಡಲಿನ ಮುಂದೆ ಒಂದು ಸಣ್ಣ ಸಿಲಿಂಡರು, ಅದಕ್ಕೆ 'ಮಾಸ್ಟರ್', ಎಂದರೆ ಧಣಿ, ಎಂದು ಹೆಸರು. ಕ್ಲಚ್ಚಿನ ಬಳಿ ಇನ್ನೊಂದು; ಅದು 'ಸ್ಲೇವ್', ಎಂದರೆ ಆಳು. ಎರಡನ್ನೂ ಒಂದು ಸಣ್ಣ ಕೊಳವೆ ಕೂಡಿಸುತ್ತದೆ. ಧಣಿಯ ಕೊಂತವನ್ನು ಕಾಲು ನೂಕಿದರೆ ದ್ರವ ಹರಿದು ಆಳಿನ ಕೊಂತವನ್ನು ನೂಕುತ್ತದೆ. ಕೊಳವೆ ಎಷ್ಟು ತಿರುವು ಮುರುವು ಹೊಡೆದರೂ ದ್ರವಕ್ಕೆ ಬೇಸರವಿಲ್ಲ. ಹಗ್ಗದಂತೆ ಅದು ತಿರುವಿನಲ್ಲಿ ಉಜ್ಜಿ ಸವೆಯುವುದಿಲ್ಲ. ಬಿಸಿಯಾದ ಹೊಗೆಕೊಳವೆಯನ್ನು ಬಳಸಿ ಬೇರೆ ದಾರಿಯಿಂದ ಹೋಗಬಹುದು.

ಲೆಕ್ಕದ ಮಾತು

ಇಲ್ಲಿಯೇ ಅನೇಕರು ಎಡವುತ್ತಾರೆ. ದ್ರವವನ್ನು ಹಾಕಿದೊಡನೆ ಪೆಡಲು ಹೂವಿನಷ್ಟು ಹಗುರಾಗುವುದೆಂದು ನಂಬುತ್ತಾರೆ. ಆದರೆ ದ್ರವ ಬಲವನ್ನು ಸೃಷ್ಟಿಸುವುದಿಲ್ಲ. ವಿನಿಮಯ ಮಾಡುತ್ತದೆ, ಅಷ್ಟೆ. ಬಲದಲ್ಲಿ ಗಳಿಸಿದ್ದನ್ನು ದೂರದಲ್ಲಿ ತೆರಲೇಬೇಕು.

ಒಂದು ಲೆಕ್ಕವನ್ನು ನೋಡಬಹುದು. ಪೆಡಲಿನ ಸನ್ನೆಯ ಅನುಪಾತ ಆರಕ್ಕೆ ಒಂದು ಎಂದಿರಲಿ. ಕಾಲು 180 ಮಿಲಿಮೀಟರು ಚಲಿಸಿದರೆ ಧಣಿಯ ಕೊಂತ 30 ಮಿಲಿಮೀಟರು ಚಲಿಸುತ್ತದೆ. ಕಾಲು 15 ಕಿಲೋಗ್ರಾಮಿನಷ್ಟು ಒತ್ತಿದರೆ ಕೊಂತದ ಮೇಲೆ 90 ಕಿಲೋಗ್ರಾಮಿನ ಒತ್ತು ಬೀಳುತ್ತದೆ. ಧಣಿಯ ವ್ಯಾಸ ಮುಕ್ಕಾಲು ಅಂಗುಲ, ಆಳಿನ ವ್ಯಾಸ ಒಂದು ಅಂಗುಲ ಇದ್ದರೆ, ಘರ್ಷಣೆಯ ನಷ್ಟವನ್ನು ಬಿಟ್ಟು, ಆಳಿನ ಕೊಂತ ಸುಮಾರು 160 ಕಿಲೋಗ್ರಾಮಿನ ಬಲದಿಂದ ನೂಕುತ್ತದೆ. ಆದರೆ ಅದು ಚಲಿಸುವ ದೂರ ಸುಮಾರು 17 ಮಿಲಿಮೀಟರು ಮಾತ್ರ. ಕ್ಲಚ್ಚು ಪೂರ್ತಿಯಾಗಿ ಬಿಡಲು 20 ಮಿಲಿಮೀಟರು ಬೇಕಿದ್ದರೆ ಗೇರು ಬದಲಿಸುವಾಗಲೆಲ್ಲ ಹಲ್ಲು ಕಡಿಯುವ ಸದ್ದು ತಪ್ಪದು.

ಹಾಗಾದರೆ ಧಣಿಯ ವ್ಯಾಸವನ್ನು ಮುಕ್ಕಾಲು ಅಂಗುಲದಿಂದ ಅಂಗುಲದ ಎಂಟರಲ್ಲಿ ಏಳು ಭಾಗಕ್ಕೆ ಏರಿಸಬಹುದು. ಆಗ ಆಳು 23 ಮಿಲಿಮೀಟರು ಚಲಿಸುತ್ತದೆ. ಆದರೆ ಅದೇ ಸ್ಪ್ರಿಂಗನ್ನು ಬಿಡಿಸಲು ಕಾಲು ಮೊದಲಿಗಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು ಬಲವನ್ನು ಹಾಕಬೇಕು. ವ್ಯಾಸದಲ್ಲಿ ಮೂರು ಮಿಲಿಮೀಟರಿನ ವ್ಯತ್ಯಾಸ. ಮೊಣಕಾಲಿಗೆ ಅದು ಇಡೀ ದಿನದ ವ್ಯತ್ಯಾಸ. ಧಣಿಯನ್ನೂ ಆಳನ್ನೂ ಬೇರೆ ಬೇರೆ ಅಂಗಡಿಯಿಂದ ಕಣ್ಣಳತೆಯಲ್ಲಿ ಕೊಂಡು ತಂದವರು ಕೊನೆಗೆ ಹಗ್ಗವೇ ವಾಸಿಯಾಗಿತ್ತೆಂದು ಕೈ ಹಿಸುಕಿಕೊಳ್ಳುವುದು ಈ ಲೆಕ್ಕವನ್ನು ಮಾಡದೆ ಹೋದುದರಿಂದ.

ಗೋಡೆ, ಗುಳ್ಳೆ, ಗಡಿ

ಲೆಕ್ಕ ಸರಿಹೋದ ಮೇಲೂ ಮೂರು ಕಡೆ ಜಾಗರೂಕತೆ ಬೇಕು.

ಮೊದಲನೆಯದು ಗೋಡೆ. ಎಂಜಿನ್ನಿಗೂ ಆಸನಗಳಿಗೂ ನಡುವೆ ತೆಳುವಾದ ಉಕ್ಕಿನ ತಗಡಿನ ಗೋಡೆಯೊಂದಿದೆ. ಹಗ್ಗವಿದ್ದಾಗ ಅದರ ಹೊರಕೊಳವೆ ಈ ಗೋಡೆಯನ್ನು ಚಾಲಕನ ಕಡೆಗೆ ಒತ್ತುತ್ತಿತ್ತು. ಈಗ ಧಣಿ ಅಲ್ಲಿ ನೆಲಸಿದುದರಿಂದ ಪ್ರತಿ ತುಳಿತಕ್ಕೂ 90 ಕಿಲೋಗ್ರಾಮಿನ ನೂಕು ಎಂಜಿನ್ನಿನ ಕಡೆಗೆ ಬೀಳುತ್ತದೆ. ತಗಡು ಬಾಗಿದರೆ ಕಾಲಿನ ಚಲನೆಯ ಒಂದಂಶ ಅಲ್ಲಿಯೇ ವ್ಯರ್ಥವಾಗುತ್ತದೆ. ಕಾಲಾಂತರದಲ್ಲಿ ಬಿರುಕೂ ಬಿಡಬಹುದು. ಆದುದರಿಂದ ದಪ್ಪ ಫಲಕದ ಆಸರೆ ಕೊಡಬೇಕು. ನೂಕುವ ಸರಳು ಸಿಲಿಂಡರಿನ ನೇರಕ್ಕಿರಬೇಕು; ಓರೆಯಾದರೆ ರಬ್ಬರಿನ ಬಿರಡೆ ಒಂದೇ ಮಗ್ಗುಲಿಗೆ ಸವೆದು ಸೋರುತ್ತದೆ.

ಎರಡನೆಯದು ಗುಳ್ಳೆ. ಮೇಲಿನ ಲೆಕ್ಕದಲ್ಲಿ ಒಂದು ತುಳಿತಕ್ಕೆ ಚಲಿಸುವ ದ್ರವ ಎಂಟೂವರೆ ಘನ ಸೆಂಟಿಮೀಟರು. ಎರಡು ಟೀ ಚಮಚಕ್ಕೂ ಕಡಿಮೆ! ಇಷ್ಟು ಅಲ್ಪವಾದ ದ್ರವದಲ್ಲಿ ಅರ್ಧ ಘನ ಸೆಂಟಿಮೀಟರಿನ ಗಾಳಿಯ ಗುಳ್ಳೆಯೊಂದು ಅಡಗಿದ್ದರೆ ಒತ್ತಡಕ್ಕೆ ಗುಳ್ಳೆ ಕುಗ್ಗುತ್ತದೆಯೇ ಹೊರತು ಆಳು ಕದಲುವುದಿಲ್ಲ. ಸುಮಾರು ಒಂದು ಮಿಲಿಮೀಟರು ಚಲನೆ ನಷ್ಟ. ಇದನ್ನು ನಿವಾರಿಸಲು ಇಬ್ಬರು ಬೇಕು. ಒಬ್ಬರು ಪೆಡಲನ್ನು ತುಳಿದು ಹಿಡಿಯಬೇಕು, ಇನ್ನೊಬ್ಬರು ಗಾಡಿಯ ಕೆಳಗೆ ಮಲಗಿ ಸಣ್ಣ ತಿರುಪನ್ನು ಸಡಿಲಿಸಿ ಗಾಳಿಯನ್ನು ಹೊರಬಿಟ್ಟು ಮತ್ತೆ ಬಿಗಿಯಬೇಕು. ತಿರುಪು ಬಿಗಿಯಾಗುವ ಮೊದಲೇ ಕಾಲನ್ನು ತೆಗೆದರೆ ಹೊರಹೋದ ಗಾಳಿ ಮತ್ತೆ ಒಳಬರುತ್ತದೆ. ಬಳಸುವ ದ್ರವವೂ ಸಿಲಿಂಡರಿಗೆ ವಿಧಿಸಿದ ಬ್ರೇಕಿನ ದ್ರವವೇ ಆಗಿರಬೇಕು. ಎಂಜಿನ್ನಿನ ಎಣ್ಣೆಯನ್ನು ಸುರಿದರೆ ರಬ್ಬರು ಉಬ್ಬಿ ಹಾಳಾಗುತ್ತದೆ. ಬ್ರೇಕಿನ ದ್ರವಕ್ಕೆ ಗಾಳಿಯ ತೇವವನ್ನು ಹೀರುವ ಸ್ವಭಾವವುಂಟು; ಮೂರನೆಯ ದರ್ಜೆಯ ಹೊಸ ದ್ರವ 205 ಡಿಗ್ರಿ ಸೆಂಟಿಗ್ರೇಡಿನವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ದ್ರವಕ್ಕೆ ಆ ಮಿತಿ 140 ಡಿಗ್ರಿಗೆ ಇಳಿಯುತ್ತದೆ. ಆದ್ದರಿಂದ ಕಾಲಕಾಲಕ್ಕೆ ಬದಲಿಸುತ್ತಿರಬೇಕು.

ಮೂರನೆಯದು ಗಡಿ. ಕೆಲವು ಗೇರುಪೆಟ್ಟಿಗೆಗಳಲ್ಲಿ ಆಳು ಹೊರಗಿರದೆ, ಬಳೆಯಂತೆ ಒಳದಂಡದ ಸುತ್ತ ಕುಳಿತಿರುತ್ತದೆ. ಮಿತಿಮೀರಿ ನೂಕಿದರೆ ಅದರ ಬಿರಡೆ ಹೊರಚೆಲ್ಲಿ ದ್ರವವೆಲ್ಲ ಸೋರಿಹೋಗುತ್ತದೆ. ಅದನ್ನು ದುರಸ್ತಿ ಮಾಡಲು ಗೇರುಪೆಟ್ಟಿಗೆಯನ್ನೇ ಇಳಿಸಬೇಕು. ಆದ್ದರಿಂದ ಪೆಡಲಿಗೆ ಒಂದು ತಡೆಗೂಟವನ್ನು ಇಟ್ಟು, ಇಷ್ಟೇ ದೂರ, ಇದಕ್ಕಿಂತ ಮುಂದಿಲ್ಲ, ಎಂದು ಗಡಿ ಹಾಕುವುದು ಜಾಣತನ.

ಕೊನೆಗೆ ಉಳಿಯುವ ವಿವೇಕ

ದ್ರವದ ಕ್ಲಚ್ಚು ಎಂದೂ ಕೆಡುವುದಿಲ್ಲವೆಂದು ತಿಳಿಯಬಾರದು. ಹಗ್ಗ ಒಮ್ಮೆಗೇ ಕಡಿಯುತ್ತದೆ. ದ್ರವ ಮೆಲ್ಲನೆ ಕೈಬಿಡುತ್ತದೆ. ಧಣಿಯ ಒಳಗಿನ ಬಿರಡೆ ಸವೆದಿದ್ದರೆ, ಕೆಂಪು ದೀಪದ ಮುಂದೆ ಚಾಲಕನು ಪೆಡಲನ್ನು ಅದುಮಿಕೊಂಡೇ ಕುಳಿತಿದ್ದರೂ ಒತ್ತಡ ಸೋರಿ, ಕ್ಲಚ್ಚು ತಾನಾಗಿ ಕೂಡಿಕೊಂಡು ಗಾಡಿ ತೆವಳತೊಡಗುತ್ತದೆ. ಆದರೆ ಅದು ಮುನ್ಸೂಚನೆಯನ್ನು ಕೊಡುತ್ತದೆ: ಬಟ್ಟಲಿನಲ್ಲಿ ದ್ರವದ ಮಟ್ಟ ತಗ್ಗುವುದು, ಪೆಡಲಿನ ಕೆಳಗೆ ತೇವ ಕಾಣುವುದು, ಗೇರು ಬೀಳುವ ಬಿಂದು ದಿನದಿನಕ್ಕೆ ನೆಲದ ಕಡೆಗೆ ಸರಿಯುವುದು. ನೋಡುವ ಕಣ್ಣಿದ್ದವನಿಗೆ ಅಷ್ಟು ಸಾಕು. ಹೇಗೂ ದೀಪದ ಮುಂದೆ ಬಹಳ ಹೊತ್ತು ನಿಲ್ಲಬೇಕಾದಾಗ ಗೇರನ್ನು ತಪ್ಪಿಸಿ ಬ್ರೇಕಿನ ಮೇಲೆ ಕಾಲಿಡುವುದೇ ಎರಡು ಬಗೆಯ ಗಾಡಿಗಳಿಗೂ ಕ್ಷೇಮಕರ.

ಡಿಯರ್‌ಬಾರ್ನಿನ ಹಳೆಯ ಕಾರ್ಖಾನೆಯಲ್ಲಿ ಮಸ್ಟಾಂಗ್ ತಯಾರಾಗುವುದು 2004ರಲ್ಲಿ ನಿಂತಿತು. 2005ರ ಮಾದರಿ ಫ್ಲ್ಯಾಟ್‌ರಾಕ್ ಎಂಬಲ್ಲಿಂದ ಹೊರಬಂದಿತು. ಅದರಲ್ಲಿ ಹಗ್ಗದ ಬದಲು ದ್ರವವಿತ್ತು. ಹವ್ಯಾಸಿಗಳು ತಮ್ಮ ಶೆಡ್ಡುಗಳಲ್ಲಿ ಕೈ ಮಸಿ ಮಾಡಿಕೊಂಡು ಹಿಡಿದಿದ್ದ ದಾರಿಗೇ ಕಂಪನಿಯೂ ಬಂದಿತೆನ್ನಬಹುದು. ಆದರೆ ಕಂಪನಿ ಪೆಡಲು, ಗೋಡೆ, ಸಿಲಿಂಡರು, ಸ್ಪ್ರಿಂಗು ಎಲ್ಲವನ್ನೂ ಒಟ್ಟಿಗೆ ಯೋಚಿಸಿತು. ಹಳೆಯ ಗಾಡಿಯನ್ನು ತಿದ್ದುವವನೂ ಹಾಗೆಯೇ ಯೋಚಿಸಬೇಕು. ಎಂಜಿನ್ನಿಗೆ ಬಲವನ್ನು ಕೂಡಿಸಿದವನು ಕ್ಲಚ್ಚಿಗೆ ಸಾಲಗಾರನಾಗುತ್ತಾನೆ, ಕ್ಲಚ್ಚನ್ನು ಬಿಗಿಮಾಡಿದವನು ಪೆಡಲಿಗೆ, ಪೆಡಲನ್ನು ಹಗುರ ಮಾಡಿದವನು ಗೋಡೆಗೆ. ಈ ಸಾಲಗಳನ್ನೆಲ್ಲ ತೀರಿಸಿದವನ ಗಾಡಿ ವುಡ್‌ವರ್ಡಿನ ಬೀದಿಯಲ್ಲಿ ಇಡೀ ದಿನ ಗೇಣು ಗೇಣಾಗಿ ಸರಿದರೂ, ಸಂಜೆ ಅವನು ಕುಂಟದೆ ಇಳಿದು ಮನೆಯೊಳಕ್ಕೆ ನಡೆದುಹೋಗುತ್ತಾನೆ.