ರೇಷ್ಮೆ ಸೀರೆ ಒಗೆಯುವವರಿಗೆ ಹೊಸ ಗಿರಾಕಿ

ಮನೆಯಲ್ಲೇ ರೇಷ್ಮೆ ಸೀರೆ ಒಗೆದುಕೊಡಲು ಶುರುಮಾಡಿದ್ದೀರಿ. ಅಕ್ಕಪಕ್ಕದ ನಾಲ್ಕು ಮನೆಯವರು ಕೊಟ್ಟರು, ಆಮೇಲೆ? ಬಾಗಿಲಿಗೆ ಬೋರ್ಡು ಹಾಕಿ ಕೂತರೆ ಯಾರೂ ಬರೋಲ್ಲ ಕಣ್ರೀ!

ಫಾಲ್ಸ್ ಹಾಕುವವರು, ಕುಚ್ಚು ಕಟ್ಟುವವರು, ರವಿಕೆ ಹೊಲಿಯುವವರು, ಊರಿನ ಸೀರೆಗಳೆಲ್ಲ ಹಾಯುವುದು ಇವರ ಕೈಯಲ್ಲೇ. ಅವರದೊಂದು ಸೀರೆ ಪುಕ್ಕಟೆ ಒಗೆದುಕೊಟ್ಟು ನೋಡಿ. ಮದುವೆ ಮುಗಿದ ಮನೆಗೆ ಹೋಗಿ ಕೇಳಿ. ವರಮಹಾಲಕ್ಷ್ಮಿ, ಗೌರಿಹಬ್ಬಗಳಿಗೆ ಮೂರು ವಾರ ಮೊದಲೇ ವಿಚಾರಿಸಿ.

ಆದರೆ ಧಾರೆ ಸೀರೆಯನ್ನು ಹೊಸಬರ ಕೈಗೆ ಕೊಡಲು ಯಾರಿಗಾದರೂ ಎದೆ ಢವಢವ ಅನ್ನುತ್ತೆ. ಅದಕ್ಕೇ, ಅವರ ಎದುರಿಗೇ ಒಳಗೆ ಸಿಕ್ಕಿಸುವ ತುದಿಯನ್ನು ತುಸು ಒದ್ದೆಮಾಡಿ, ಬಿಳಿ ಬಟ್ಟೆಯಿಂದ ಒತ್ತಿ ತೋರಿಸಿ. ಅಂಚು, ಸೆರಗಿನ ಬಣ್ಣ ಬೇರೆಯಿದ್ದರೆ ಅಲ್ಲೂ. ಬಣ್ಣ ಹತ್ತಿತೋ, ‘ಇದನ್ನು ಡ್ರೈಕ್ಲೀನಿಂಗಿಗೇ ಕೊಡಿ ಅಕ್ಕಾ’ ಎಂದು ವಾಪಸು ಮಾಡಿ. ಒಂದು ಸೀರೆಯ ಕಾಸು ಹೋಯಿತು, ನಿಜ. ಆದರೆ ಈ ಮಾತನ್ನು ಆಕೆ ನಾಲ್ಕು ಜನರಿಗೆ ಹೇಳದೆ ಇರುತ್ತಾಳೆಯೇ?

ಒಗೆಯಲು ಅಂಟುವಾಳದ ನೀರೇ ಸರಿ. ಅರಿಶಿನದ ಕಲೆಗೆ ಸೋಪು ಸೋಕಿದರೆ ಕೆಂಪಗಾಗುತ್ತೆ. ಕಲೆ ಪೂರ್ತಿ ಹೋಗುತ್ತೆಂದು ಮಾತು ಕೊಡಲೇಬೇಡಿ. ಹಿಂಡದೆ, ನೆರಳಲ್ಲಿ ಒಣಹಾಕಿ. ಸೀರೆ ಪಡೆಯುವಾಗಲೇ ಹಳೇ ಕಲೆ, ಜರಿ ಕಿತ್ತ ಜಾಗಗಳನ್ನು ಅವರಿಗೂ ತೋರಿಸಿ, ಪುಸ್ತಕದಲ್ಲಿ ಬರೆದಿಡಿ.