ಮೊಬೈಲ್ ಆ್ಯಪ್‌ನ ಸೂಚನಾ ಸಂದೇಶ: ವರ್ತಕರು ಅರಿತಿರಬೇಕಾದ ಒಳವ್ಯವಸ್ಥೆ

ಸುದ್ದಿ ತಡವಾದರೆ ಸರಕಿನ ಬೆಲೆಯೇ ಬದಲಾಗುತ್ತದೆ ಎಂಬುದನ್ನು ಹುಬ್ಬಳ್ಳಿಯ ವರ್ತಕ ಸಮುದಾಯಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಹತ್ತಿ ಹಾಗೂ ಒಣಮೆಣಸಿನಕಾಯಿಯ ಧಾರಣೆ ತಿಳಿಯಲು ತಂತಿಗಾಗಿ, ಟ್ರಂಕ್ ಕಾಲ್‌ಗಾಗಿ ಕಾದು ಕುಳಿತ ಪೇಟೆಯಿದು. ದೇಶದಲ್ಲಿ ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ಕೊನೆಗೊಂಡಿತು. ಇಂದು ಆ ಕೆಲಸದ ಬಹುಪಾಲನ್ನು ಮೊಬೈಲ್ ಪರದೆಯ ಮೇಲೆ ಮೂಡುವ ಸೂಚನಾ ಸಂದೇಶ, ಅಂದರೆ ಪುಶ್ ನೋಟಿಫಿಕೇಶನ್, ನಿರ್ವಹಿಸುತ್ತಿದೆ.

ಅಮರಗೋಳದ ಮಾರುಕಟ್ಟೆ ಪ್ರಾಂಗಣದ ಅಡತಿ ಅಂಗಡಿಯಾಗಲಿ, ಗೋಕುಲ ರಸ್ತೆ ಅಥವಾ ತಾರಿಹಾಳದ ಸಣ್ಣ ಕಾರ್ಖಾನೆಯಾಗಲಿ, ತನ್ನದೇ ಆ್ಯಪ್ ಮಾಡಿಸುವುದು ಈಗ ದೊಡ್ಡ ಮಾತಲ್ಲ. ಆದರೆ ಆ್ಯಪ್ ಮಾಡಿಸುವಾಗ ಪರದೆಯ ಬಣ್ಣ, ಲಾಂಛನಗಳ ಬಗ್ಗೆ ನಡೆಯುವಷ್ಟು ಚರ್ಚೆ ಸಂದೇಶ ಸಾಗುವ ದಾರಿಯ ಬಗ್ಗೆ ನಡೆಯುವುದಿಲ್ಲ. ಆ್ಯಪ್ ಕೈಕೊಡುವುದು ಹೆಚ್ಚಾಗಿ ಅಲ್ಲಿಯೇ.

ಸಂದೇಶ ಸಾಗುವ ದಾರಿ

ವರ್ತಕನ ಕಂಪ್ಯೂಟರ್‌ನಿಂದ ಗ್ರಾಹಕನ ಫೋನಿಗೆ ಸಂದೇಶ ನೇರವಾಗಿ ಹೋಗುವುದಿಲ್ಲ. ನಡುವೆ ಒಬ್ಬ ಸಾಗಣೆದಾರನಿದ್ದಾನೆ. ಆಂಡ್ರಾಯ್ಡ್ ಫೋನುಗಳಿಗೆ ಗೂಗಲ್‌ನ ಫೈರ್‌ಬೇಸ್ ಕ್ಲೌಡ್ ಮೆಸೇಜಿಂಗ್ ಸೇವೆ. ಐಫೋನ್‌ಗಳಿಗೆ ಆ್ಯಪಲ್ ಸಂಸ್ಥೆಯು 2009ರಲ್ಲಿ ಆರಂಭಿಸಿದ ಸೇವೆ. ಆ್ಯಪ್ ಸ್ಥಾಪನೆಯಾದಾಗ ಈ ಸೇವೆಯು ಫೋನಿಗೆ ಒಂದು ಗುರುತಿನ ಸಂಕೇತ ನೀಡುತ್ತದೆ. ಇದನ್ನು ಟೋಕನ್ ಎನ್ನುತ್ತಾರೆ. ಟೋಕನ್ ಎಂದರೆ ಗ್ರಾಹಕನ ವಿಳಾಸವೆಂದೇ ತಿಳಿಯಬಹುದು. ಆ್ಯಪ್ ತೆಗೆದು ಮತ್ತೆ ಹಾಕಿದರೆ, ಫೋನ್ ಬದಲಾದರೆ ವಿಳಾಸವೂ ಬದಲಾಗುತ್ತದೆ. ಹಳೆಯ ವಿಳಾಸಗಳನ್ನು ತೆಗೆದುಹಾಕದಿದ್ದರೆ ಪಟ್ಟಿಯಲ್ಲಿ ಗ್ರಾಹಕರು ಸಾವಿರವಿದ್ದರೂ ಸಂದೇಶ ತಲುಪುವುದು ಕೆಲವರಿಗೆ ಮಾತ್ರ.

ಎಸ್‌ಎಂಎಸ್‌ಗೆ ಹೋಲಿಸಿದರೆ ಇದರ ಲಾಭ ಸ್ಪಷ್ಟ. ಫೈರ್‌ಬೇಸ್ ಸೇವೆಯಲ್ಲಿ ಪ್ರತಿ ಸಂದೇಶಕ್ಕೆ ಶುಲ್ಕವಿಲ್ಲ. ಕನ್ನಡ ಎಸ್‌ಎಂಎಸ್‌ನ ಒಂದು ಭಾಗದಲ್ಲಿ 70 ಅಕ್ಷರ ಸಂಕೇತಗಳು ಮಾತ್ರ ಹಿಡಿಸುತ್ತವೆ. ಸೂಚನಾ ಸಂದೇಶಕ್ಕೆ 4096 ಬೈಟ್‌ಗಳ ಅವಕಾಶವಿದೆ. ಕನ್ನಡದ ಪ್ರತಿ ಸಂಕೇತವು 3 ಬೈಟ್ ತೆಗೆದುಕೊಂಡರೂ ಧಾರಣೆ, ಬಿಲ್ಲು, ಸರಕು ರವಾನೆಯ ವಿವರಗಳಿಗೆ ಇದು ಧಾರಾಳವಾಗಿ ಸಾಕು.

ಸಾಗಣೆದಾರ ಬದಲಾದಾಗ

ತೊಂದರೆ ಇರುವುದು ಸಾಗಣೆದಾರನ ನಿಯಮಗಳು ಬದಲಾಗುವುದರಲ್ಲಿ. ಗೂಗಲ್ 2010ರಲ್ಲಿ ಒಂದು ಸೇವೆ ಆರಂಭಿಸಿ, 2012ರಲ್ಲಿ ಅದರ ಜಾಗಕ್ಕೆ ಮತ್ತೊಂದನ್ನು ತಂದಿತು. 2016ರಲ್ಲಿ ಫೈರ್‌ಬೇಸ್ ಬಂದಿತು. ಹಿಂದಿನ ಸೇವೆ 2019ರಲ್ಲಿ ಮುಚ್ಚಿತು. ಫೈರ್‌ಬೇಸ್‌ನಲ್ಲಿಯೂ ಸಂದೇಶ ಕಳುಹಿಸುವ ಹಳೆಯ ವಿಧಾನವನ್ನು 2024ರಲ್ಲಿ ನಿಲ್ಲಿಸಲಾಯಿತು. 2022ರ ಆಂಡ್ರಾಯ್ಡ್ 13ರಿಂದೀಚೆಗೆ ಹೊಸದಾಗಿ ಹಾಕಿಕೊಂಡ ಆ್ಯಪ್ ಗ್ರಾಹಕನ ಒಪ್ಪಿಗೆ ಪಡೆಯದೆ ಸೂಚನೆ ತೋರಿಸುವಂತಿಲ್ಲ. ಪ್ರತಿ ಬದಲಾವಣೆಗೂ ಆ್ಯಪನ್ನು ಬುಡದಿಂದ ಬಿಚ್ಚಿ ಕಟ್ಟಬೇಕಾದರೆ ಸಣ್ಣ ಉದ್ಯಮಿಗೆ ಅದು ತಾಳಲಾಗದ ಹೊರೆ.

ಇದಕ್ಕೆ ಪರಿಹಾರವಾಗಿ ತಂತ್ರಾಂಶ ರಂಗದಲ್ಲಿ ಬಳಕೆಯಲ್ಲಿರುವ ಪದ್ಧತಿಯೇ ಡಿಪೆಂಡೆನ್ಸಿ ಇಂಜೆಕ್ಷನ್. ಹೆಸರು ಕಠಿಣವಾದರೂ ತತ್ವ ಸರಳ: ಒಂದು ವಿಭಾಗಕ್ಕೆ ಬೇಕಾದ ಸಾಧನವನ್ನು ಆ ವಿಭಾಗವೇ ಹುಡುಕಿ ತರದೆ, ಹೊರಗಿನಿಂದ ಅದಕ್ಕೆ ಒದಗಿಸುವುದು. ಈ ಹೆಸರನ್ನು ಮಾರ್ಟಿನ್ ಫೌಲರ್ ಅವರು 2004ರ ತಮ್ಮ ಲೇಖನದಲ್ಲಿ ಬಳಕೆಗೆ ತಂದರು. ಆಂಡ್ರಾಯ್ಡ್ ಆ್ಯಪ್‌ಗಳಲ್ಲಿ ಇದಕ್ಕಾಗಿ ಡ್ಯಾಗರ್ ಹಾಗೂ 2020ರಲ್ಲಿ ಬಂದ ಹಿಲ್ಟ್ ಎಂಬ ಸಿದ್ಧ ಸಲಕರಣೆಗಳಿವೆ.

ಲೇತ್ ಯಂತ್ರವನ್ನು ಬಲ್ಲವರಿಗೆ ಇದು ಹೊಸದಲ್ಲ. ಕೊರೆಯುವ ಟೂಲನ್ನು ಯಂತ್ರಕ್ಕೆ ಬೆಸುಗೆ ಹಾಕುವುದಿಲ್ಲ. ಟೂಲ್ ಪೋಸ್ಟ್‌ನಲ್ಲಿ ಬಿಗಿಯುತ್ತಾರೆ. ಟೂಲ್ ಸವೆದಾಗ ಅದನ್ನಷ್ಟೇ ಬದಲಿಸುತ್ತಾರೆ, ಯಂತ್ರ ಹಾಗೆಯೇ ಇರುತ್ತದೆ. ಅದೇ ರೀತಿ ಆ್ಯಪ್‌ನ ಬಿಲ್ಲಿನ ವಿಭಾಗಕ್ಕೆ ‘ಸಂದೇಶ ಕಳುಹಿಸುವ ಒಂದು ಸಾಧನವಿದೆ’ ಎಂಬುದಷ್ಟೇ ಗೊತ್ತಿದ್ದರೆ ಸಾಕು. ಆ ಸಾಧನ ಫೈರ್‌ಬೇಸೋ, ಎಸ್‌ಎಂಎಸ್ಸೋ, ನಾಳೆ ಬರಲಿರುವ ಇನ್ನೊಂದೋ ಎಂಬ ತೀರ್ಮಾನ ಒಂದೇ ಕಡೆ ಇರಬೇಕು. ಆಗ ಸೇವೆ ಬದಲಾದರೆ ಆ ಒಂದು ಕಡೆ ತಿದ್ದಿದರೆ ಮುಗಿಯಿತು.

ಇನ್ನೊಂದು ಪ್ರಯೋಜನ ಪರೀಕ್ಷೆಯದು. ನಿಜವಾದ ಸಾಧನದ ಬದಲು ಸುಳ್ಳು ಸಾಧನವನ್ನು ಒದಗಿಸಿ ಆ್ಯಪನ್ನು ಪರೀಕ್ಷಿಸಬಹುದು. ಪರೀಕ್ಷೆಯ ಹೊತ್ತಿನಲ್ಲಿ ‘ನಿಮ್ಮ ಬಾಕಿ ಒಂದು ಲಕ್ಷ ರೂಪಾಯಿ’ ಎಂಬ ತಪ್ಪು ಸಂದೇಶ ಹಳೆಯ ಗಿರಾಕಿಗಳೆಲ್ಲರಿಗೂ ಹೋದರೆ ಕೆಡುವುದು ತಂತ್ರಾಂಶವಲ್ಲ, ವರ್ಷಗಳಿಂದ ಗಳಿಸಿದ ಪತ್ತು.

ಅಂಗಡಿ ಮುಚ್ಚಿದಾಗ ಬಂದ ಸುದ್ದಿ

ಈ ಪದ್ಧತಿ ಅನುಸರಿಸಿದರೂ ಒಂದು ತಪ್ಪು ನುಸುಳುವುದುಂಟು. ಸಂದೇಶ ಬರುವಾಗ ಆ್ಯಪ್ ಸಾಮಾನ್ಯವಾಗಿ ಮುಚ್ಚಿರುತ್ತದೆ. ಆಂಡ್ರಾಯ್ಡ್ ವ್ಯವಸ್ಥೆಯು ಮುಖಪುಟವನ್ನು ತೆರೆಯದೆ, ಸಂದೇಶ ಸ್ವೀಕರಿಸುವ ಭಾಗವನ್ನಷ್ಟೇ ತಾನೇ ಎಬ್ಬಿಸುತ್ತದೆ. ಕೆಲಸ ಮುಗಿಸಲು ಅದಕ್ಕೆ ದೊರೆಯುವುದು ಕೆಲವು ಸೆಕೆಂಡುಗಳು ಮಾತ್ರ. ಬೇಕಾದ ಸಾಧನಗಳನ್ನು ಮುಖಪುಟ ತೆರೆದಾಗಲೇ ಒದಗಿಸುವಂತೆ ಬರೆದಿದ್ದರೆ, ಆ ಕ್ಷಣದಲ್ಲಿ ಅವು ಇರುವುದೇ ಇಲ್ಲ, ಆ್ಯಪ್ ಕುಸಿಯುತ್ತದೆ. ರಾತ್ರಿ ಸರಕಿನ ಲಾರಿ ಬಂದಾಗ ಗೋದಾಮಿನ ಕೀಲಿ ಮಾಲೀಕನ ಮನೆಯಲ್ಲಿದ್ದಂತೆ ಇದು. ಕೀಲಿ ಕಾವಲುಗಾರನ ಬಳಿ ಇರಬೇಕು. ಅಂದರೆ ಸಾಧನಗಳ ಒದಗಣೆ ಯಾವ ಪರದೆಯನ್ನೂ ಅವಲಂಬಿಸದೆ, ಆ್ಯಪ್ ಯಾವ ಕಾರಣಕ್ಕೆ ಎಚ್ಚರಗೊಂಡರೂ ಮೊದಲು ನಡೆಯುವಂತಿರಬೇಕು. ಕಚೇರಿಯಲ್ಲಿ ಆ್ಯಪ್ ತೆರೆದಿಟ್ಟು ತೋರಿಸುವ ಪ್ರಾತ್ಯಕ್ಷಿಕೆಯಲ್ಲಿ ಈ ದೋಷ ಕಾಣಿಸುವುದೇ ಇಲ್ಲ.

ಸಂದೇಶದ ಆಯುಷ್ಯವೂ ಗಮನಾರ್ಹ. ಫೋನ್ ಆರಿದ್ದರೆ ಫೈರ್‌ಬೇಸ್ ಸಂದೇಶವನ್ನು ಗರಿಷ್ಠ 4 ವಾರ ಕಾದಿರಿಸುತ್ತದೆ. ಬೇರೆ ಅವಧಿ ಹೇಳದಿದ್ದರೆ ಅದೇ ಅವಧಿ ಅನ್ವಯಿಸುತ್ತದೆ. ಮುಂಜಾನೆಯ ಮೆಣಸಿನಕಾಯಿ ಧಾರಣೆ ಮೂರು ದಿನಗಳ ನಂತರ ತಲುಪಿದರೆ ಖರೀದಿದಾರ ದಾರಿ ತಪ್ಪುತ್ತಾನೆ. ಧಾರಣೆಯ ಸಂದೇಶಕ್ಕೆ ಕೆಲವೇ ಗಂಟೆ, ಬಿಲ್ಲಿನ ಸಂದೇಶಕ್ಕೆ ಕೆಲವು ದಿನ ಎಂದು ಅವಧಿ ಗೊತ್ತುಪಡಿಸುವುದು ಮಾಲೀಕರ ತೀರ್ಮಾನವಾಗಬೇಕು. ಸೇವೆಯು ಸಂದೇಶವನ್ನು ಸ್ವೀಕರಿಸಿತೆಂದರೆ ಅದು ಗ್ರಾಹಕನಿಗೆ ತಲುಪಿತೆಂದು ಅರ್ಥವಲ್ಲ. ಆದುದರಿಂದ ಹಣದ ವ್ಯವಹಾರದ ವಿವರಗಳು ಆ್ಯಪ್‌ನ ಒಳಗೂ ದಾಖಲಾಗಿರುವುದು ಅವಶ್ಯ.

ಒಪ್ಪಂದಕ್ಕೆ ಮುನ್ನ

ವಿದ್ಯಾನಗರದ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯ, ಗೋಕುಲ ರಸ್ತೆಯ ದೇಶಪಾಂಡೆ ಸ್ಟಾರ್ಟಪ್ಸ್ ಮೊದಲಾದವುಗಳಿಂದಾಗಿ ಆ್ಯಪ್ ಸಿದ್ಧಪಡಿಸಬಲ್ಲ ಯುವಕರಿಗೆ ಅವಳಿ ನಗರದಲ್ಲಿ ಕೊರತೆಯಿಲ್ಲ. ಅವರೊಡನೆ ಒಪ್ಪಂದ ಮಾಡಿಕೊಳ್ಳುವ ಮುನ್ನ ಈ ಅಂಶಗಳನ್ನು ಲಿಖಿತವಾಗಿ ಕೇಳುವುದು ಲೇಸು:

1. ಫೈರ್‌ಬೇಸ್ ಹಾಗೂ ಆ್ಯಪಲ್ ಖಾತೆಗಳು ಉದ್ಯಮದ ಹೆಸರಿನಲ್ಲಿರುವವೇ? ಖಾತೆ ಆ್ಯಪ್ ಮಾಡಿದವರ ಹೆಸರಿನಲ್ಲಿದ್ದರೆ, ಅವರು ಊರು ಬಿಟ್ಟ ದಿನ ಗ್ರಾಹಕರ ಸಂಪರ್ಕವೂ ಕೈಬಿಡಬಹುದು.

2. ಸಂದೇಶ ಸೇವೆ ಬದಲಾದರೆ ಆ್ಯಪ್‌ನಲ್ಲಿ ಎಷ್ಟು ಕಡೆ ತಿದ್ದಬೇಕಾಗುತ್ತದೆ?

3. ಆ್ಯಪ್ ಮುಚ್ಚಿ, ಫೋನನ್ನು ಆರಿಸಿ ಮತ್ತೆ ಚಾಲೂ ಮಾಡಿದ ಬಳಿಕ ಸಂದೇಶ ಬರುವುದನ್ನು ತೋರಿಸುವರೇ?

4. ಪರೀಕ್ಷೆಯ ಸಂದೇಶ ನಿಜವಾದ ಗ್ರಾಹಕರಿಗೆ ಹೋಗದಂತೆ ಯಾವ ಏರ್ಪಾಡಿದೆ?

5. ಐಫೋನ್ ಸಂದೇಶಕ್ಕೆ ಬಳಸುವುದು ಪ್ರಮಾಣಪತ್ರವೋ, ಕೀಲಿಯೋ? ಪ್ರಮಾಣಪತ್ರವಾದರೆ ವರ್ಷಕ್ಕೊಮ್ಮೆ ನವೀಕರಿಸುವ ಹೊಣೆ ಯಾರದು?

ಈ ಪ್ರಶ್ನೆಗಳನ್ನು ಕೇಳಲು ತಂತ್ರಾಂಶದ ವಿದ್ಯೆ ಬೇಕಿಲ್ಲ. ಯಂತ್ರ ಕೊಳ್ಳುವಾಗ ಬಿಡಿಭಾಗ ಎಲ್ಲಿ ದೊರೆಯುತ್ತದೆ, ರಿಪೇರಿಗೆ ಯಾರು ಬರುತ್ತಾರೆ ಎಂದು ವಿಚಾರಿಸುವ ವ್ಯವಹಾರ ಜ್ಞಾನವೇ ಇಲ್ಲಿಯೂ ಸಾಕು.