ಕಲಗಚ್ಚಿನ ಬಾನಿ, ಮದುವೆಯ ಅನ್ನ

ಯಲಹಂಕದ ಸುತ್ತಿನ ಹಳ್ಳಿಗಳಲ್ಲಿ ಹಸು ಕಟ್ಟಿದ ಮನೆಯೆಂದರೆ ಹಿತ್ತಲಲ್ಲಿ ಕಲಗಚ್ಚಿನ ಬಾನಿ ಇರಲೇಬೇಕಿತ್ತು. ಅಕ್ಕಿ ತೊಳೆದ ನೀರು, ತರಕಾರಿ ಸಿಪ್ಪೆ, ಒಂದು ಹಿಡಿ ಬೂಸಾ, ಚಿಟಿಕೆ ಉಪ್ಪು. ಬೆಳಗಿನ ಕಸ ಸಂಜೆ ಹಾಲಾಗುತ್ತಿತ್ತು. ಈಗ ಬಾನಿಗಳು ಕಡಿಮೆಯಾಗಿ ಕಲ್ಯಾಣ ಮಂಟಪಗಳು ಹೆಚ್ಚಿವೆ. ಲಗ್ನದ ದಿನ ಮಿಕ್ಕ ಅನ್ನವನ್ನು ಕ್ಯಾನುಗಳಲ್ಲಿ ತುಂಬಿಕೊಂಡು ಹೋಗಿ ಹಸುವಿನ ಮುಂದೆ ಸುರಿಯುವುದುಂಟು. ಪುಕ್ಕಟೆ ಮೇವು, ಪುಣ್ಯದ ಕೆಲಸ ಎಂದೇ ಎಲ್ಲರ ಭಾವನೆ.

ಆದರೆ ಹಸುವಿನ ಹೊಟ್ಟೆ ನಮ್ಮದರಂತಲ್ಲ. ಅದರ ಮೊದಲ ಕೋಣೆಯಾದ ರೂಮೆನ್‌ನಲ್ಲಿ ಕೋಟ್ಯಂತರ ಸೂಕ್ಷ್ಮಜೀವಿಗಳು ನಾರಿನ ಮೇವನ್ನು ನಿಧಾನವಾಗಿ ಹುದುಗಿಸುತ್ತವೆ. ಮೆಲುಕು ಹಾಕುವಾಗ ಇಳಿಯುವ ಜೊಲ್ಲಿನಲ್ಲಿ ಸೋಡಾದಂಥ ಕ್ಷಾರವಿದ್ದು, ಅಲ್ಲಿ ಹುಟ್ಟುವ ಹುಳಿಯನ್ನು ಸರಿದೂಗಿಸುತ್ತದೆ. ಒಮ್ಮೆಗೇ ಬಕೆಟ್‌ಗಟ್ಟಲೆ ಅನ್ನ ಬಿದ್ದರೆ ಲೆಕ್ಕ ತಪ್ಪುತ್ತದೆ. ಬೆಂದ ಪಿಷ್ಟ ಬೇಗ ಹುದುಗುತ್ತದೆ. ಲ್ಯಾಕ್ಟಿಕ್ ಆಮ್ಲ ಏರುತ್ತದೆ. 6ರಿಂದ 7ರ ನಡುವೆ ಇರಬೇಕಾದ ಪಿಎಚ್ 5ಕ್ಕೂ ಕೆಳಗಿಳಿಯಬಹುದು. ಮೆಲುಕು ನಿಲ್ಲುತ್ತದೆ, ಭೇದಿಯಾಗುತ್ತದೆ, ಹಸು ಮಲಗಿಬಿಡುತ್ತದೆ. ತಡಮಾಡಿದರೆ ಒಂದೆರಡು ದಿನದಲ್ಲಿ ಸಾವು. ಇಂಥ ಲಕ್ಷಣ ಕಂಡೊಡನೆ ಪಶುವೈದ್ಯರನ್ನು ಕರೆಸಬೇಕು; ಮನೆಮದ್ದಿನಲ್ಲಿ ಹೊತ್ತು ಕಳೆಯಬಾರದು. ಮೊದಲು ಒಣಹುಲ್ಲು, ಆಮೇಲೆ ಒಂದೆರಡು ಹಿಡಿ ಅನ್ನ ಎಂದಿದ್ದರೆ ಭಯವಿಲ್ಲ. ಅಜ್ಜಿಯ ಬಾನಿಯಲ್ಲಿ ನೀರೇ ಹೆಚ್ಚು, ಅನ್ನ ಕಡಿಮೆ ಇದ್ದದ್ದು ಬಡತನದಿಂದಲೇ ಇರಬಹುದು, ಹಸುವಿಗೆ ಒಳ್ಳೆಯದಾಯಿತು.

ಮಾಂಸದೂಟದ ಮಿಕ್ಕದ್ದಂತೂ ದನಗಳಿಗೆ ಬೇಡವೇ ಬೇಡ. 1986ರಲ್ಲಿ ಬ್ರಿಟನ್ನಿನಲ್ಲಿ ಪತ್ತೆಯಾದ ಹುಚ್ಚು ಹಸು ರೋಗ ಹರಡಿದ್ದು ಮೇವಿಗೆ ಬೆರೆಸಿದ ಮಾಂಸ-ಮೂಳೆಯ ಪುಡಿಯಿಂದ.

ಹಾಗಾದರೆ ಕಸವೆಲ್ಲ ತಿಪ್ಪೆಗೇ ಏನು? ಅಲ್ಲ. ಬೆಂಗಳೂರಿನ ಆಡುಗೋಡಿಯಲ್ಲಿ 1995ರಲ್ಲಿ ಆರಂಭವಾದ ರಾಷ್ಟ್ರೀಯ ಪಶು ಪೋಷಣೆ ಮತ್ತು ಶರೀರಕ್ರಿಯಾ ಸಂಸ್ಥೆಯ ವಿಜ್ಞಾನಿಗಳು ಅನಾನಸಿನ ಕಸದಿಂದ ರಸಮೇವು ಮಾಡುವ ವಿಧಾನ ರೂಪಿಸಿದ್ದಾರೆ. ಹಣ್ಣಿನ ತುರಾಯಿಯ ಎಲೆ ನಾಲ್ಕು ಪಾಲು, ಸಿಪ್ಪೆ ಒಂದು ಪಾಲು. ಚೂರು ಮಾಡಿ, ತೇವ ಶೇಕಡ 65ಕ್ಕೆ ಇಳಿಯುವಂತೆ ಬಾಡಿಸಿ, ಡ್ರಮ್ಮಿನಲ್ಲಿ ಗಾಳಿಯಿಲ್ಲದಂತೆ ತುಳಿದು ಮುಚ್ಚಿದರೆ 20 ದಿನಕ್ಕೆ ಮೇವು ಸಿದ್ಧ. ಹಾಗೇ ಬಿಟ್ಟಿದ್ದರೆ ಎರಡೇ ದಿನದಲ್ಲಿ ಕೊಳೆತು ನೊಣ ಮುತ್ತುವ ವಸ್ತುವಿದು. ಡ್ರಮ್ಮಿನೊಳಗೆ ಕೆಲಸ ಮಾಡುವುದೂ ಅದೇ ಲ್ಯಾಕ್ಟಿಕ್ ಆಮ್ಲ! ಅಲ್ಲಿ ಅದು ಕೊಳೆಸುವ ಜೀವಿಗಳನ್ನು ತಡೆದು ಮೇವನ್ನು ಕಾಪಾಡುತ್ತದೆ.

ಹೆಬ್ಬಾಳ, ಆರ್.ಟಿ. ನಗರದ ಜ್ಯೂಸ್ ಅಂಗಡಿಗಳ ಸಿಪ್ಪೆಗೂ ಈ ದಾರಿ ಉಂಟು. ತೊಡಕಿರುವುದು ಪ್ಲಾಸ್ಟಿಕ್ಕಿನದು. ಸ್ಟ್ರಾ, ಚೀಲ ಬೆರೆತ ಕಸದಿಂದ ಮೇವಾಗದು, ಆರಿಸಬೇಕಾದ್ದು ಅಂಗಡಿಯಲ್ಲೇ. ಡ್ರಮ್ ತೆರೆದಾಗ ಹುಳಿಸಿಹಿ ವಾಸನೆ ಬಂದರೆ ಸರಿ. ಬೂಷ್ಟು ಕಟ್ಟಿದ್ದರೆ ಆ ಭಾಗವನ್ನು ಗೊಬ್ಬರದ ಗುಂಡಿಗೆ ಹಾಕಿ, ಉಳಿದದ್ದನ್ನು ಕೂಡಲೇ ಮತ್ತೆ ಮುಚ್ಚಬೇಕು.